ದೋಣಿಗೆ ಮೀನಿನ ರೆಕ್ಕೆ

ಎಂಟು ಮೀನು, ಒಂದು ಒಳ್ಳೆಯ ತೇಗದ ಹಲಗೆ, ಎರಡು ಡಬ್ಬ ವಾರ್ನಿಷ್, ಮೂರು ತಿಂಗಳ ಭಾನುವಾರಗಳು. ಗುಟ್ಟಿನ ಮೇಸ್ತ್ರಿಯ ಆ ಎರಡು ರೆಕ್ಕೆಗಳಿಗೆ ಇಷ್ಟು ಖರ್ಚಾಗಿತ್ತು. ಮೀನು ತಂದದ್ದು ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಮೀನಂಗಡಿಯ ತೊಟ್ಟಿಯಲ್ಲಿ ಯಾರು ಎಷ್ಟು ನೀರು ಕಲಕಿದರೂ ಒಂದು ಜಾತಿಯ ಮೀನು ಮಾತ್ರ ಪಕ್ಕದ ಎರಡೂ ರೆಕ್ಕೆ ಬಿಚ್ಚಿಕೊಂಡು, ಮೊಳೆ ಹೊಡೆದು ಕೂರಿಸಿದ ಹಾಗೆ ನಿಂತಿರುತ್ತಿತ್ತು. ಮೇಸ್ತ್ರಿ ದೋಣಿ ಕಟ್ಟುವವನು. ದೋಣಿಯ ತಳಕ್ಕೂ ಇಂಥ ಎರಡು ರೆಕ್ಕೆ ಇದ್ದರೆ ಅದು ಹೊಯ್ದಾಡುವುದು ನಿಂತೀತು ಎಂದು ಅವನಿಗೆ ಹೊಳೆಯಿತು. ಮೀನಿನ ರೆಕ್ಕೆಯ ಒಂದೊಂದು ಗೆರೆಯನ್ನೂ ಬಿಡದೆ ಉಬ್ಬುಬ್ಬಾಗಿ ಕೆತ್ತಿದ.

ಕೆರೆಯಲ್ಲಿ ದೋಣಿವಿಹಾರ ನಡೆಸುವ ಮಾಲೀಕರಿಗೆ ಹೊಸದಾಗಿ ಹತ್ತು ದೋಣಿ ಬೇಕಿತ್ತು. ಮೇಸ್ತ್ರಿಯದೊಂದು, ಅವನ ಹೆಂಡತಿಯ ಅಣ್ಣನದೊಂದು, ಎರಡು ಮಾದರಿ ದೋಣಿಗಳು ದಂಡೆಯಲ್ಲಿ ಸಿದ್ಧವಾಗಿದ್ದವು. ಆ ದಿನ ಹತ್ತು ಗಂಟೆಗೆ ಪರೀಕ್ಷೆ. ಗೆದ್ದವನಿಗೆ ವರ್ಷಪೂರ್ತಿ ಕೆಲಸ, ಸೋತವನಿಗೆ ಮುರಿದ ಕುರ್ಚಿಗಳ ರಿಪೇರಿ.

ರೆಕ್ಕೆಯ ವಿಷಯ ಮೇಸ್ತ್ರಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮೊದಲೇ ಜೋಡಿಸಿದರೆ ಯಾರಾದರೂ ನಕಲು ಮಾಡಿಯಾರೆಂದು ಕೊನೆಯ ಗಳಿಗೆಗೆ ಉಳಿಸಿಕೊಂಡಿದ್ದ. ಶೆಡ್ಡಿಗೆ ಬೀಗ ಜಡಿದರೆ ಒಳಗೇನೋ ಇದೆ ಎಂದು ನಾವೇ ಕಳ್ಳನಿಗೆ ಹೇಳಿಕೊಟ್ಟ ಹಾಗೆ ಎಂದು ಯೋಚಿಸಿ, ಮನೆಯ ಬಚ್ಚಲಲ್ಲಿ ನೀರಿನ ಡ್ರಮ್ಮಿನ ಹಿಂದೆ ನಿಲ್ಲಿಸಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಡ್ರಮ್ಮಿದೆ, ರೆಕ್ಕೆಯಿಲ್ಲ.

"ಬಚ್ಚಲಲ್ಲಿ ಏನಾದ್ರೂ ನೋಡಿದ್ಯಾ?" ಎಂದು ಹೆಂಡತಿಯನ್ನು ಕೇಳಿದ.

"ನೀರು ನೋಡ್ದೆ."

"ನೀರು ಬಿಟ್ಟು?"

"ಏನು ಕಳೆದಿದೆ ಹೇಳ್ರೀ, ಹುಡುಕಿಕೊಡ್ತೀನಿ."

"ಏನೂ ಕಳೆದಿಲ್ಲ," ಎಂದು ಮೇಸ್ತ್ರಿ ಹೊರಗೆ ಬಂದ.

ಅನುಮಾನ ನೆಟ್ಟಗೆ ಪಕ್ಕದ ಮನೆಯ ದರ್ಜಿಯ ಮೇಲೆ ಹೋಯಿತು. "ಏನ್ ಮೇಸ್ತ್ರಿ, ಮೀನು ಬರುತ್ತೆ, ಹುರಿದ ವಾಸನೆ ಮಾತ್ರ ಬರಲ್ವಲ್ಲ?" ಎಂದು ದಿನವೂ ಗೋಡೆಯ ಮೇಲಿಂದ ಇಣುಕುತ್ತಿದ್ದವನು ಅವನೇ. ಈಗ ನೋಡಿದರೆ ಉದ್ದನೆಯದೇನನ್ನೋ ಹಳೆಯ ಬಟ್ಟೆಯಲ್ಲಿ ಮುಚ್ಚಿಕೊಂಡು ಹೊರಟಿದ್ದಾನೆ.

"ಅದನ್ನ ಬಿಚ್ಚಿ ತೋರ್ಸಿ," ಎಂದ ಮೇಸ್ತ್ರಿ.

"ನಿಮ್ಮದೇನಾದ್ರೂ ಕಳೆದಿದ್ಯಾ?"

"ಇಲ್ಲ."

"ಮತ್ತೆ ನಾನ್ಯಾಕೆ ಬಿಚ್ಚಲಿ?"

ಮೇಸ್ತ್ರಿ ಎಳೆದ, ದರ್ಜಿಯೂ ಎಳೆದ. ಬಟ್ಟೆ ದರ್ಜಿಯ ಕೈಯಲ್ಲಿ ಉಳಿಯಿತು, ಹಲಗೆ ಮೇಸ್ತ್ರಿಯ ಎದೆಗೆ ಬಂದು ಅಪ್ಪಿಕೊಂಡಿತು. ಅದು ದರ್ಜಿ ಅಂಗಡಿಯ ಹೊಸ ಬೋರ್ಡು. ಬಣ್ಣ ಪೂರ್ತಿ ಆರಿರಲಿಲ್ಲ. ಮೇಸ್ತ್ರಿಯ ಬಿಳಿ ಅಂಗಿಯ ಮೇಲೆ 'ಹೆಂಗಸರ ಉಡುಪು ಹೊಲಿಯಲಾಗುವುದು' ಎಂದು ತಿರುಗುಮುರುಗಾಗಿ ಅಚ್ಚೊತ್ತಿತು.

ಬೋರ್ಡಿನ ನ್ಯಾಯ ತೀರುವ ತನಕ ಬಿಡುವುದಿಲ್ಲ ಎಂದು ದರ್ಜಿ ಕೆರೆಯವರೆಗೂ ಬೆನ್ನು ಹತ್ತಿದ. ಅವನ ಹಿಂದೆ ಇಡೀ ಬೀದಿ, ಬೀದಿಯ ಹಿಂದೆ ಮೇಸ್ತ್ರಿಯ ಹೆಂಡತಿ.

ಮಾಲೀಕರು ಮೊದಲು ಮೇಸ್ತ್ರಿಯ ದೋಣಿ ಹತ್ತಿದರು. ಅದು ಹಲ್ಲುನೋವಿನವನ ತಲೆಯ ಹಾಗೆ ಆ ಕಡೆ ಈ ಕಡೆ ಆಡಿತು. ಮಾಲೀಕರ ಟೋಪಿ ನೀರಿಗೆ ಬಿತ್ತು. ಇಳಿದವರು ಟೋಪಿ ಹಿಂಡಿಕೊಂಡು ಭಾವನ ದೋಣಿ ಹತ್ತಿದರು. ಅದು ಮನೆಯ ಜಗಲಿಯ ಹಾಗೆ ಕೂತಿತ್ತು. ಮಾಲೀಕರು ಎದ್ದು ನಿಂತರು, ಒಂಟಿಕಾಲಿನಲ್ಲೂ ನಿಂತರು. ದೋಣಿ ಜಪ್ಪಯ್ಯ ಎನ್ನಲಿಲ್ಲ.

ಮೇಸ್ತ್ರಿಗೆ ಅರ್ಥವಾಯಿತು. ಅಂಗಿ ಸಮೇತ ನೀರಿಗಿಳಿದು ಭಾವನ ದೋಣಿಯ ತಳಕ್ಕೆ ಕೈ ಹಾಕಿದ. ಉಬ್ಬುಬ್ಬು ಗೆರೆಗಳು ಕೈಗೆ ಸಿಕ್ಕವು.

"ಭಾವ, ಕದ್ದಿದ್ದು ನೀನಾ?"

"ಅಯ್ಯೋ, ಅವಾ?" ಎಂದು ದಂಡೆಯಿಂದ ಹೆಂಡತಿ ಕೇಳಿದಳು. "ನಾನೇ ಕೊಟ್ಟಿದ್ದು ರೀ. ಬಚ್ಚಲಲ್ಲಿತ್ತು, ಗೀರುಗೀರಾಗಿತ್ತು, ಬಟ್ಟೆ ಉಜ್ಜೋ ಹಲಗೆ ಅಂದ್ಕೊಂಡೆ. ನಿನ್ನೆ ಸಂಜೆ ಅಣ್ಣ ಬಂದಿದ್ದ, ಅತ್ತಿಗೆಗೂ ಇರ್ಲಿ ಅಂತ ಕೇಳ್ದ."

"ಮನೆಗೆ ಹೋಗಿ ತಿರುಗಿಸಿ ನೋಡ್ದಾಗ ಬಟ್ಟೇದಲ್ಲ ಅಂತ ಗೊತ್ತಾಯ್ತು," ಎಂದು ಭಾವ ತಲೆ ಕೆರೆದುಕೊಂಡ. "ಆಮೇಲೆ ಆಸೆ ಆಯ್ತು ಮೇಸ್ತ್ರಿ. ತಪ್ಪಾಯ್ತು."

"ಕೇಳಿದ್ರಾ ಸ್ವಾಮಿ?" ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಆ ರೆಕ್ಕೆ ತೆಗೆಸಿ ನೋಡಿ, ಇವನ ದೋಣೀನೂ ನನ್ನದರ ಹಾಗೇ ಹೊಯ್ದಾಡುತ್ತೆ. ನಿಮ್ಮ ಹತ್ತು ದೋಣಿಗೂ ನಾನೇ ಹಾಕಿಕೊಡ್ತೀನಿ. ಇನ್ನು ಮೇಲೆ ಇದಿಲ್ದೆ ನನ್ನ ಕೈಯಿಂದ ಒಂದು ದೋಣೀನೂ ನೀರಿಗಿಳಿಯಲ್ಲ."

ರೆಕ್ಕೆ ತೆಗೆಸಿದರು. ದೋಣಿ ಚೆನ್ನಾಗಿ ಹೊಯ್ದಾಡಿತು. ಮಾಲೀಕರು ಭಾವನ ಕೈ ಹಿಡಿದು, "ಹತ್ತೂ ನೀವೇ ಕಟ್ಟಿ," ಎಂದರು.

ಮೇಸ್ತ್ರಿ ತನ್ನ ಎರಡೂ ರೆಕ್ಕೆಗಳನ್ನು ಎತ್ತಿಕೊಂಡು ಮಾಲೀಕರ ಮುಂದೆ ಬಂದು ನಿಂತ.

"ನೋಡಿ ಮೇಸ್ತ್ರಿ," ಎಂದರು ಮಾಲೀಕರು. "ಇಲ್ಲಿ ಸೊಂಟದುದ್ದ ನೀರು. ಜನ ಬರೋದು ಆಚೆ ದಡ ಸೇರೋಕಲ್ಲ. ದೋಣಿ ಅಲ್ಲಾಡ್ಬೇಕು, ಹೊಸ ಜೋಡಿಗಳು ಕಿರುಚಿ ಒಬ್ಬರನ್ನೊಬ್ಬರು ಹಿಡ್ಕೋಬೇಕು, ಅದನ್ನ ಕೇಳಿ ದಂಡೇಲಿರೋರು ಟಿಕೆಟ್ ತಗೋಬೇಕು. ನನ್ನ ಟೋಪಿ ಬಿದ್ದಾಗಲೇ ಕೆಲಸ ನಿಮಗೇ ಅಂತ ತೀರ್ಮಾನ ಮಾಡಿದ್ದೆ."

"ಹಾಗಾದ್ರೆ ರೆಕ್ಕೆ ಇಲ್ದೇನೇ ಕಟ್ತೀನಿ ಸ್ವಾಮಿ."

ಮಾಲೀಕರು ಅವನನ್ನು ಅನುಮಾನದಿಂದ ನೋಡಿದರು. "ಬೇಡಪ್ಪ. ನಿಮ್ಮನ್ನ ನಂಬೋಕಾಗಲ್ಲ. ಯಾರಿಗೂ ಹೇಳ್ದೆ ಯಾವತ್ತಾದ್ರೂ ಒಳ್ಳೇದು ಮಾಡಿಬಿಡ್ತೀರಿ."

ರೆಕ್ಕೆ ಮೇಸ್ತ್ರಿಯದೇ ಎಂದು ಇಡೀ ಬೀದಿ ಒಪ್ಪಿತು. ಅವನಿಗೆ ಬಂದದ್ದು ಎರಡು ರೆಕ್ಕೆ, ಹೋದದ್ದು ಹತ್ತು ದೋಣಿ.