ಟವೆಲಿನಲ್ಲಿ ಕಟ್ಟಿದ ಗದ್ದೆ

ಕೆರಿಯಮ್ಮ ಆ ಬೆಳಿಗ್ಗೆಯೂ ಸಾಯಲಿಲ್ಲ. ಉಸಿರು ಮೇಲಕ್ಕೆ ಹತ್ತಿತು, ನೆರೆಯವರೆಲ್ಲ ಓಡಿ ಬಂದರು, ಪಕ್ಕದ ಮನೆಯ ವೆಂಕಮ್ಮ ಅಳುವುದಕ್ಕೆ ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಉಸಿರು ಕೆಳಗಿಳಿದು ಎಂದಿನಂತೆ ಗೊರಗೊರ ಎನ್ನತೊಡಗಿತು. ಆ ತಿಂಗಳಲ್ಲಿ ಇದು ಐದನೆಯ ಸಲ. ಕೆಲಸ ಬಿಟ್ಟು ಬಂದವರಿಗೆ ಮುಖ ತೋರಿಸಲು ಮಗ ಬೆಳ್ಳಪ್ಪನಿಗೇ ನಾಚಿಕೆಯಾಯಿತು.

ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಿದ್ದ ಮುದುಕಿ ಆಮೇಲೆ ಯಾರನ್ನೂ ಕಣ್ಣು ಬಿಟ್ಟು ನೋಡಿರಲಿಲ್ಲ. ಬೆಳ್ಳಪ್ಪನಿಗೆ ಇದ್ದ ಆಸೆ ಒಂದೇ. ಅವ್ವ ಹೋಗುವುದಾದರೆ ಹೋಗಲಿ, ಹೋಗುವ ಮೊದಲು ಒಂದೇ ಒಂದು ಸಲ ತನ್ನನ್ನು ಮಗನೆಂದು ನೋಡಲಿ.

ಸಿಡುಬಿನ ಚುಚ್ಚುಮದ್ದು ಹಾಕಲು ಆನಂದಪುರಕ್ಕೆ ಬಂದಿದ್ದ ಹೇರಂಬ ಡಾಕ್ಟರು ಒಳಗೆ ಬಂದು, ಮುದುಕಿಯ ರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿದರು. "ಮಿದುಳು ಹೋಗಿದೆ ಬೆಳ್ಳಪ್ಪ. ಉಸಿರಾಡ್ತಿದ್ದಾಳೆ, ಅಷ್ಟೇ. ನೀನು ಕರೆದ್ರೂ ಕೇಳಿಸ್ಕೊಳ್ಳೋಕೆ ಒಳಗೆ ಯಾರೂ ಇಲ್ಲ" ಎಂದು ಹೇಳಿ ಹೊರಟುಹೋದರು.

ವೆಂಕಮ್ಮನಿಗೆ ಸಿಟ್ಟು ಬಂತು. "ಮಿದುಳು ಹೋದ್ರೆ ಜೀವ ಹೋಗ್ತದಾ? ತಲೆ ಕಡಿದ ಹುಂಜ ಅಂಗಳ ಪೂರ್ತಿ ಓಡಲ್ವಾ? ಅದಕ್ಕೆ ಯಾವ ಮಿದುಳು ಇರ್ತದೆ?"

"ಹುಂಜ ಯಾಕೆ? ಮಿದುಳೇ ಇಲ್ದೆ ನೀನು ಅರವತ್ತು ವರ್ಷ ಬದುಕಿಲ್ವಾ?" ಎಂದ ಮಂಜುನಾಥಪ್ಪ. ಅವನು ಕೇರಿಗೆ ಹಿರಿಯ. ಆಮೇಲೆ ಗಂಭೀರವಾಗಿ, "ಜೀವ ಯಾವುದ್ರಲ್ಲೋ ಸಿಕ್ಕೊಂಡದೆ ಕಣಾ ಬೆಳ್ಳಾ. ಅದನ್ನ ಹುಡುಕ್ಬೇಕು" ಎಂದ.

ಹುಡುಕುವುದೇನೂ ಬಾಕಿ ಇರಲಿಲ್ಲ. ಸಾಯುವವರು ಯಾವುದಕ್ಕೆ ಆಸೆಪಟ್ಟು ಉಳಿದಿದ್ದಾರೋ ಅದನ್ನು ತೊಳೆದ ನೀರು ಬಾಯಿಗೆ ಬಿಟ್ಟರೆ ಜೀವ ಬಿಡುಗಡೆಯಾಗುತ್ತದೆ ಎಂಬುದು ಕೇರಿಯವರ ನಂಬಿಕೆ. ಧಾರೆ ಸೀರೆಯ ಸೆರಗು, ಎಲೆ ಅಡಿಕೆ ಚೀಲ, ಕುಡುಗೋಲು, ಎಲ್ಲವನ್ನೂ ತೊಳೆದು ಕುಡಿಸಿಯಾಗಿತ್ತು. ಯಾವ ಕೋಳಿಗಾಗಿ ಕೆರಿಯಮ್ಮ ತನ್ನೊಡನೆ ಹತ್ತು ವರ್ಷ ಜಗಳವಾಡಿದ್ದಳೋ ಆ ಕೋಳಿಯ ಪುಕ್ಕವನ್ನೂ ಮಂಜುನಾಥಪ್ಪ ದೊಡ್ಡ ಮನಸ್ಸು ಮಾಡಿ ತಂದು ಅದ್ದಿಕೊಟ್ಟಿದ್ದ. ಮುದುಕಿ ಎಲ್ಲವನ್ನೂ ಕುಡಿದು ಇನ್ನಷ್ಟು ಗಟ್ಟಿಯಾದಂತೆ ಕಂಡಳು.

"ಗದ್ದೆ ಮಣ್ಣು!" ಎಂದಳು ವೆಂಕಮ್ಮ ತಟ್ಟನೆ.

ಕೆರಿಯಮ್ಮನ ಗದ್ದೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಮೂರು ವರ್ಷವಾಗಿತ್ತು. ಊರಿಗೆ ಊರೇ ಲಾರಿ ಹತ್ತಿ ಆನಂದಪುರಕ್ಕೆ ಹೊರಟ ದಿನ ಕೆರಿಯಮ್ಮ ಗದ್ದೆಯ ಬದುವಿನ ಮೇಲೆ ಕೂತು ಏಳಲಿಲ್ಲ. ಬೆಳ್ಳಪ್ಪನೇ ಅವಳನ್ನು ಎತ್ತಿ ತಂದು ಲಾರಿಗೆ ಹಾಕಿದ್ದ. ಆಮೇಲೆ ಅವಳು ಆ ಗದ್ದೆಯ ಸುದ್ದಿ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಅವನು ಹೊಸ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಬೇಸಿಗೆಯಾದ್ದರಿಂದ ಹಳೆಯ ಊರಿದ್ದ ಹೊನ್ನೆಮರಡಿನ ಕಡೆ ನೀರು ತಗ್ಗಿತ್ತು. ಬಿಸಿಲಿನಲ್ಲಿ ಎರಡು ಗಂಟೆ ಹುಡುಕಿದ. ಒಂದು ಕಡೆ ಕೆಸರಿಗೆ ಬಿದ್ದ. ಇನ್ನೊಂದು ಕಡೆ ಮೀನು ಹಿಡಿಯುವವನೊಬ್ಬ ಬಲೆ ಕದಿಯಲು ಬಂದವನೆಂದು ಅಟ್ಟಿಸಿಕೊಂಡು ಬಂದ. ಕೊನೆಗೆ ಹಲಸಿನ ಬೊಡ್ಡೆಯೊಂದು ಕಂಡಿತು, ಅದರ ಕೆಳಗೆ ಅವ್ವ ಬುತ್ತಿ ಬಿಚ್ಚುತ್ತಿದ್ದ ಚಪ್ಪಡಿ ಕಲ್ಲು ಕಂಡಿತು. ಬೆಳ್ಳಪ್ಪ ಅಲ್ಲೇ ಕೂತು ಮಗುವಿನ ಹಾಗೆ ಅತ್ತ. ಎರಡು ಬೊಗಸೆ ಮಣ್ಣನ್ನು ಟವೆಲಿನಲ್ಲಿ ಕಟ್ಟಿಕೊಂಡ.

ಸಾಗರದ ಬಸ್ಸಿನಲ್ಲಿ ಕಂಡಕ್ಟರು ಕೇಳಿದ, "ಏನ್ರೀ ಅದು ಗಂಟು? ಮೇಲೆ ಹಾಕಿ."

"ಬ್ಯಾಡ್ರಿ. ನಮ್ಮ ಗದ್ದೆ."

"ಗದ್ದೆ ತೊಡೆ ಮೇಲೆ ಇಟ್ಕೊಂಡು ಹೋಗೋನನ್ನ ಇವತ್ತೇ ನೋಡಿದ್ದು ಮಾರಾಯ!" ಬಸ್ಸಿಗೆ ಬಸ್ಸೇ ನಕ್ಕಿತು. ಬೆಳ್ಳಪ್ಪ ಗಂಟನ್ನು ಇನ್ನೂ ಬಿಗಿಯಾಗಿ ಅವಚಿಕೊಂಡ.

ಹಾಗೆ ಅವಚಿಕೊಂಡದ್ದೇ ತಪ್ಪಾಯಿತು. ಸಾಗರದಲ್ಲಿ ಇಳಿದು, ನಲ್ಲಿಯಲ್ಲಿ ಕೈಕಾಲು ತೊಳೆಯಲು ಹೋಗುವಾಗ, ಜೊತೆಯಲ್ಲೇ ಇಳಿದ ಬಿಳಿ ಟೋಪಿಯ ಮರ್ಯಾದಸ್ಥನೊಬ್ಬನ ಕೈಗೆ ಗಂಟು ಕೊಟ್ಟು, "ಜೋಪಾನ ಸ್ವಾಮಿ, ಹೋದ್ರೆ ಮತ್ತೆ ಸಿಗೋದಲ್ಲ" ಎಂದ. ತಿರುಗಿ ಬರುವಷ್ಟರಲ್ಲಿ ಟೋಪಿಯೂ ಇಲ್ಲ, ಗಂಟೂ ಇಲ್ಲ. ಯಾವುದೋ ಗೋಡೆಯ ಹಿಂದೆ ಗಂಟು ಬಿಚ್ಚಿದಾಗ ಆ ಕಳ್ಳನ ಮುಖ ಹೇಗಾಗಿರಬೇಡ! ನಗುವ ಮಾತೇ. ಆದರೆ ಬೆಳ್ಳಪ್ಪ ಬಸ್‌ಸ್ಟ್ಯಾಂಡಿನ ಸುತ್ತ ಓಡಾಡುತ್ತಿದ್ದ ರೀತಿ ನೋಡಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ.

ಹಿಂದಕ್ಕೆ ಹೋಗಲು ಹೊತ್ತಿರಲಿಲ್ಲ. ಆನಂದಪುರದಲ್ಲಿ ಇಳಿದವನಿಗೆ ಡಾಕ್ಟರ ಮಾತು ನೆನಪಾಯಿತು. ಒಳಗೆ ಯಾರೂ ಇಲ್ಲ ಎಂದ ಮೇಲೆ ಯಾವ ಮಣ್ಣಾದರೇನು? ಬಸ್ಸು ನಿಲ್ಲುವ ಮರದ ಬುಡದಿಂದ ಎರಡು ಬೊಗಸೆ ಬಾಚಿ, ಅದರಲ್ಲಿದ್ದ ಮೋಟು ಬೀಡಿಯನ್ನು ಎತ್ತಿ ಬಿಸಾಡಿ, ಉಟ್ಟ ಪಂಚೆಯ ಅಂಚು ಹರಿದು ಕಟ್ಟಿಕೊಂಡ.

ಮನೆಯಲ್ಲಿ ಕೇರಿಯೇ ಕಾದಿತ್ತು. ವೆಂಕಮ್ಮ ಮಣ್ಣನ್ನು ಮೂಸಿ ಗಳಗಳ ಅತ್ತಳು. "ಅದೇ ವಾಸನೆ! ನಮ್ಮೂರದ್ದೇ!" ಮಂಜುನಾಥಪ್ಪ ಕಣ್ಣಿಗೆ ಒತ್ತಿಕೊಂಡ. ಬೆಳ್ಳಪ್ಪ ಹೇಳಲೆಂದು ಮೂರು ಸಲ ಬಾಯಿ ತೆರೆದ. ಮೂರು ಸಲವೂ ಯಾರೋ ಅವನ ಬೆನ್ನು ಸವರಿ, "ಮಗ ಅಂದ್ರೆ ನೀನು" ಎಂದರು.

ಮಣ್ಣು ಕದಡಿದ ನೀರನ್ನು ಒಂದು ಚಮಚ ಬಾಯಿಗೆ ಬಿಟ್ಟ.

ಕೆರಿಯಮ್ಮ ಕಣ್ಣು ತೆರೆದಳು. ಮೇಲೆ ನೋಡಲಿಲ್ಲ, ಆಚೀಚೆ ನೋಡಲಿಲ್ಲ, ನೆಟ್ಟಗೆ ಬೆಳ್ಳಪ್ಪನನ್ನು ನೋಡಿದಳು. ತುಟಿ ಅಲುಗಿತು, ಮಾತು ಬರಲಿಲ್ಲ. ಹಾಗೆ ನೋಡುತ್ತಲೇ ಜೀವ ಬಿಟ್ಟಳು.

"ನೋಡಿದ್ರಾ? ಜೀವಕ್ಕೆ ಗೊತ್ತಾಯ್ತು!" ಎಂದು ಎಲ್ಲರೂ ಕೈ ಮುಗಿದರು.

ಹೇರಂಬ ಡಾಕ್ಟರು ಹಿಂದಿರುಗುವ ದಾರಿಯಲ್ಲಿ ಮತ್ತೆ ಬಂದರು. ಬೆಳ್ಳಪ್ಪ ಅವರನ್ನು ಅಂಗಳದ ಮೂಲೆಗೆ ಕರೆದು, "ಸ್ವಾಮಿ, ಖರೇ ಹೇಳಿ. ಅವ್ವಂಗೆ ಏನೂ ಗೊತ್ತಾಗ್ಲಿಲ್ಲ ಅಲ್ವಾ? ಮಿದುಳು ಇರ್ಲಿಲ್ಲ ಅಲ್ವಾ?" ಎಂದು ಕೇಳಿದ.

ಡಾಕ್ಟರು ಒಳ್ಳೆಯ ಮನುಷ್ಯ. ಅವನ ಕಣ್ಣೀರು ನೋಡಿ ಅವರ ಮನಸ್ಸು ಕರಗಿತು. "ಬೆಳಿಗ್ಗೆ ನಾನು ಹೇಳಿದ್ದು ಮರ್ತುಬಿಡು. ಅವಳಿಗೆ ಗೊತ್ತಾಯ್ತು ಬೆಳ್ಳಪ್ಪ, ಎಲ್ಲಾ ಗೊತ್ತಾಯ್ತು" ಎಂದು ಹೆಗಲು ತಟ್ಟಿದರು. ಬೆಳ್ಳಪ್ಪ ಪಂಚೆಯ ಹರಿದ ಅಂಚನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡ.

ಒಳಗೆ ಮಂಜುನಾಥಪ್ಪ ಉಳಿದ ಮಣ್ಣನ್ನು ಮನೆಗೊಂದು ಚಿಟಿಕೆಯಂತೆ ಹಂಚುತ್ತಿದ್ದ. ಎಲ್ಲರಿಗೂ ಒಂದು ದಿನ ಬೇಕಾಗುವುದೇ. ಎಲ್ಲರೂ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ, ಪಂಚೆಯ ಮೂಲೆಗೆ ಕಟ್ಟಿಕೊಂಡರು. ಕೊನೆಯ ಚಿಟಿಕೆಯನ್ನು ವೆಂಕಮ್ಮ ಅಂಗಳಕ್ಕೆ ತಂದಳು.

"ತಂದೋನೇ ಬರಿಗೈ ಆದ್ರೆ ಹೆಂಗಾ ತಮ್ಮಾ? ನಿನ್ನ ಕಾಲಕ್ಕೆ ಇಟ್ಕೋ. ಆವಾಗ ನಿನ್ನ ಬಾಯಿಗೆ ಬಿಡೋಕೆ ನಾವು ಇರ್ತೀವೋ ಇಲ್ವೋ, ನಿನ್ನ ಮಕ್ಕಳಿಗೆ ಈಗ್ಲೇ ಹೇಳಿಟ್ಟಿದೀನಿ."

ಬೆಳ್ಳಪ್ಪ ಕೈ ಚಾಚಿದ. ಅಂಗೈಯ ಮಣ್ಣಿನಲ್ಲಿ ಬೀಡಿ ಕಟ್ಟಿದ ಕೆಂಪು ದಾರದ ಎಳೆಯೊಂದಿತ್ತು. ಅವನು ಅದನ್ನು ತೆಗೆಯದೆ ಹಾಗೆಯೇ ಕಟ್ಟಿಟ್ಟುಕೊಂಡ.