ಸೋದರಮಾವನ ತೊಡೆ ಮತ್ತು ಲ್ಯಾಟಿನ್ ಬಹುವಚನ

ಇಂಗ್ಲಿಷಿನ ವಿಷಯದಲ್ಲಿ ನಾನು ಯಾರಿಗೂ ಹೆದರಿದವನಲ್ಲ. ಚನ್ನಪಟ್ಟಣದ ನಮ್ಮ ಬೀದಿಗೆ ಕೆಳಗಿನ ಕೋರ್ಟು, ಮೇಲಿನ ಕೋರ್ಟು ಎರಡೂ ನಾನೇ ಆಗಿದ್ದೆ. ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಮೊದಲು ನನ್ನ ಜಗಲಿಗೆ ಬರುತ್ತಿತ್ತು. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲವದು. ರಾಗಿ ಹೊಲದಲ್ಲಿ ನಿಂತವನೂ 'ಶಿಫ್ಟು', 'ಓವರ್‌ಟೈಮು' ಎನ್ನುತ್ತಿದ್ದ. ಅಂಥ ಕಾಲದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರೆಂದರೆ ಅರ್ಧ ದೇವರು. ನಾನು ಮುಕ್ಕಾಲು ದೇವರು. ಏಕೆಂದರೆ ನನಗೆ ಲ್ಯಾಟಿನ್ ಕೂಡ ಗೊತ್ತಿತ್ತು!

ಲ್ಯಾಟಿನ್ ಎಂದರೆ ಪೂರ್ತಿ ಲ್ಯಾಟಿನ್ ಅಲ್ಲ. ಬಿ.ಎಡ್. ಓದುವಾಗ ಒಂದು ಮಧ್ಯಾಹ್ನ ನಮ್ಮ ಮೇಷ್ಟ್ರೊಬ್ಬರು ಹೇಳಿದ ಒಂದೇ ಒಂದು ಸೂತ್ರ. ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದ ಪದ 'ಅಂ' ಎಂದು ಮುಗಿದರೆ, ಬಹುವಚನದಲ್ಲಿ ಅದನ್ನು ಕಿತ್ತು 'ಆ' ಹಾಕಬೇಕು. 'ಅಸ್' ಎಂದು ಮುಗಿದರೆ 'ಐ' ಹಾಕಬೇಕು. ಊಟವಾದ ಮೇಲಿನ ಪಾಠ. ತರಗತಿಯೆಲ್ಲ ತೂಕಡಿಸುತ್ತಿತ್ತು, ನಾನೊಬ್ಬನೇ ಎಚ್ಚರವಿದ್ದೆ. ಹಣೆಬರಹಕ್ಕೆ ಹೊಣೆ ಯಾರು?

ಅಂದಿನಿಂದ ಆ ಸೂತ್ರವನ್ನು ಸಿಕ್ಕಸಿಕ್ಕಲ್ಲಿ ಪ್ರಯೋಗಿಸಿದೆ. ಒಮ್ಮೆ ನಮ್ಮ ಹೆಡ್‌ಮಾಸ್ಟರಿಗೆ, "ಸಾರ್, ಎಲ್ಲ ತರಗತಿಗಳ ಸಿಲಬೈ ಮುಗಿಸಿದ್ದೇನೆ" ಎಂದು ವರದಿ ಒಪ್ಪಿಸಿದೆ. ಅವರು ನನ್ನ ಹಣೆ ಮುಟ್ಟಿ ನೋಡಿ, "ಬೇಕಾದರೆ ರಜ ಹಾಕಿ ಒಸಿ ಮಲಗಿ" ಎಂದರು. ವಿದ್ವತ್ತಿಗೆ ಈ ನಾಡಿನಲ್ಲಿ ಬೆಲೆಯಿಲ್ಲವೆಂದು ಕ್ಷಮಿಸಿಬಿಟ್ಟೆ.

ನನ್ನ ಹೆಂಡತಿ ಸಾವಿತ್ರಿಯ ತವರು ಬಿಡದಿ ಪಕ್ಕದ ಒಂದು ಹಳ್ಳಿ. ಮಾವ ಚಿಕ್ಕಮರಿಗೌಡರ ಹೊಲದ ಒಂದು ಪಾಲು ಕಾರ್ಖಾನೆಗೆ ಹೋಯಿತು. ಬಂದ ಪರಿಹಾರದಲ್ಲಿ ಅವರು ರಸ್ತೆ ಬದಿಗೆ ಒಟ್ಟೊಟ್ಟಿಗೆ ಎರಡು ಛತ್ರ ಕಟ್ಟಿಸಿದರು. ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಬೀಗರೂಟ. ಪಾಯಸದ ಸೂರಿನಡಿ ಬಾಡು ಬೇಯಬಾರದೆಂಬುದು ಅವರ ದೂರದೃಷ್ಟಿ.

ಮಾವನ ಒಬ್ಬನೇ ಮಗ ನಾಗರಾಜ, ಅಂದರೆ ನನ್ನ ಭಾಮೈದ, ಅಲ್ಲೇ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕತ್ತಿನಲ್ಲಿ ಸದಾ ಐಡಿ ಕಾರ್ಡು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾನೋ ಇಲ್ಲವೋ ಎಂದು ನನಗೆ ಅನುಮಾನ. ಛತ್ರ ಎಂದರೆ ಹಳ್ಳಿಗಾಡಿನ ಹೆಸರಾಯಿತೆಂದು ಅವನೇ ಇಂಗ್ಲಿಷಿನಲ್ಲಿ ದೊಡ್ಡ ಬೋರ್ಡು ಬರೆಸಿದ: 'ಶ್ರೀ ಕಬ್ಬಾಳಮ್ಮ ಆಡಿಟೋರಿಯಂಸ್'.

ಒಂದು ಭಾನುವಾರ ಮಾವನ ಮನೆಗೆ ಹೋದವನು ಆ ಬೋರ್ಡನ್ನು ನೋಡಿದೆ. ನನ್ನ ಮೈಯೆಲ್ಲ ಉರಿದುಹೋಯಿತು!

"ನಾಗ, ಇದು ತಪ್ಪು. ಆಡಿಟೋರಿಯಂ ಲ್ಯಾಟಿನ್ ಪದ. ಎರಡಾದರೆ ಆಡಿಟೋರಿಯಾ ಅಂತ ಬರೀಬೇಕು."

"ಭಾವ, ನಮ್ ಕಂಪ್ನೀಲೂ ಎರಡೈತೆ. ನಮ್ ಮ್ಯಾನೇಜರ್ರು ಮೈಕ್ನಾಗೆ ಆಡಿಟೋರಿಯಂಸ್ ಅಂತಾನೇ ಏಳ್ತಾರೆ."

"ನಿನ್ನ ಮ್ಯಾನೇಜರ್ ಲ್ಯಾಟಿನ್ ಓದಿದ್ದಾರೆಯೇ?"

"ಅವ್ರು ಇಂಜಿನ್ ಓದವ್ರೆ. ಅದ್ಕೇ ಸಂಬಳ ಜಾಸ್ತಿ ಬತ್ತದೆ" ಎಂದ.

ಈ ಮಾತು ನನಗೆ ನಾಟಿತು. ಅವನು ಡ್ಯೂಟಿಗೆ ಹೋದದ್ದೇ ತಡ, ಪೇಂಟರ್ ಬಾಷಾನನ್ನು ಹುಡುಕಿಕೊಂಡು ಹೋದೆ. ಅವನು ತಟ್ಟೆ ಇಡ್ಲಿ ತಿನ್ನುತ್ತಿದ್ದ. ಕೈ ತೊಳೆಯಲೂ ಬಿಡದೆ ಎಳೆದು ತಂದು ಬಾಲದ ಅಕ್ಷರಗಳನ್ನು ಅಳಿಸಿ 'ಆ' ಬರೆಸಿದೆ. ಮಾರನೇ ದಿನ ನಾಗರಾಜ ಅದನ್ನು ಅಳಿಸಿ 'ಅಂಸ್' ಬರೆಸಿದ. ನಾನು ಮತ್ತೆ 'ಆ'. ಅವನು ಮತ್ತೆ 'ಅಂಸ್'. ಬೋರ್ಡಿನ ಎಡಗಡೆ ಬಣ್ಣ ತೆಳ್ಳಗೆ, ಬಲಗಡೆ ಹೋಳಿಗೆಯಷ್ಟು ದಪ್ಪ! ಕೊನೆಗೆ ಬಾಷಾನೇ ಕೈ ಮುಗಿದ. "ಸಾರ್, ನೀವಿಬ್ರೂ ಒಟ್ಗೆ ಬಂದ್ಬುಡಿ. ಇನ್ನೊಂದು ಕೋಟ್ ಹೊಡೆದ್ರೆ ಬೋರ್ಡು ಆ ಕಡೆ ವಾಲ್ಬುಡ್ತದೆ."

ಒಟ್ಟಿಗೆ ಹೋದೆವು. ಬೋರ್ಡಿನ ಕೆಳಗೇ ಜಗಳವಾಯಿತು. ನಾನು ಅವನ ಕಾರ್ಖಾನೆಯ ಬಗ್ಗೆ ಒಂದು ಮಾತಾಡಿದೆ. ಅವನು ನನ್ನ ಶಾಲೆಯ ಬಗ್ಗೆ ಎರಡು ಮಾತಾಡಿದ. ಕೊನೆಗೆ ಐಡಿ ಕಾರ್ಡನ್ನು ಹಿಡಿದುಕೊಂಡು ಘೋಷಿಸಿದ, "ಇನ್ಮ್ಯಾಕೆ ನಿಮ್ಮನೆ ಹೊಸ್ಲು ತುಳಿಯಾಕಿಲ್ಲ. ನಿಮ್ ಯಾವ ಕಾರ್ಯಕ್ಕೂ ಬರಾಕಿಲ್ಲ!"

"ಬರಬೇಡ!" ಎಂದೆ ನಾನು. ಲ್ಯಾಟಿನ್ ನನ್ನ ಪಕ್ಕದಲ್ಲಿರುವಾಗ ಭಾಮೈದನ ಹಂಗೇಕೆ?

ಮನೆಗೆ ಬಂದು ಈ ವೀರಗಾಥೆಯನ್ನು ಸಾವಿತ್ರಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಮುದ್ದೆ ಕೋಲನ್ನು ಕೆಳಗಿಡಲಿಲ್ಲ.

"ಬರೋ ಭಾನುವಾರ ಏನು ಅಂತ ಗ್ಯಾನ ಐತಾ ನಿಮ್ಗೆ?"

ಆಗ ಗ್ಯಾನ ಬಂತು. ನಮ್ಮ ಮಗಳು ಗೌರಿಗೆ ವರ್ಷ ತುಂಬಿತ್ತು. ಕಬ್ಬಾಳಮ್ಮನ ಗುಡಿಯಲ್ಲಿ ಕಿವಿ ಚುಚ್ಚಿಸುತ್ತೇವೆಂದು ಅವಳು ಹುಟ್ಟಿದಾಗಲೇ ಹರಕೆ ಹೊತ್ತಿದ್ದೆವು. ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಆಮೇಲೆ ಚಿನ್ನದ ಕೆಲಸದ ಆಚಾರ್ರು ಚುಚ್ಚಬೇಕು. ಸೋದರಮಾವನಿಲ್ಲದೆ ಕಿವಿ ಚುಚ್ಚುವುದು ಗಂಡಿಲ್ಲದೆ ಧಾರೆ ಎರೆದಂತೆ. ಗೌರಿಗಿದ್ದ ಸೋದರಮಾವ ಒಬ್ಬನೇ.

"ಈಗ ಮಗಾನ ಯಾರ ತೊಡೆ ಮ್ಯಾಲೆ ಕೂರ್ಸನ? ನಿಮ್ ಲ್ಯಾಟಿನ್ ತೊಡೆ ಮ್ಯಾಲಾ?" ಎಂದಳು ಸಾವಿತ್ರಿ.

ಲ್ಯಾಟಿನ್ನಿಗೆ ತೊಡೆಯಿಲ್ಲವೆಂಬುದು ನನಗೆ ಮೊದಲ ಬಾರಿಗೆ ಹೊಳೆಯಿತು.

ವಿಷಯ ಮಾವನ ತನಕ ಹೋಯಿತು. ಮಾವ ಸುತ್ತಲ ಹಳ್ಳಿಗಳ ಬದು, ಬಾವಿ, ಪಾಲಿನ ತಕರಾರುಗಳನ್ನೆಲ್ಲ ತೀರ್ಮಾನ ಮಾಡಿದವರು. ಇದನ್ನೂ ಹಾಗೇ ಹಿಡಿದರು. ಜಗಲಿಯ ಮೇಲೆ ಚಾಪೆ ಹಾಸಿಸಿ, ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು, ನಮ್ಮಿಬ್ಬರನ್ನೂ ಎದುರು ಬದುರು ಕೂರಿಸಿದರು.

"ಅಳೀಮಯ್ಯ, ನಿಮ್ದೇನು ತಕರಾರು?"

ನಾನು ಎದ್ದು ನಿಂತು, ಸದರಿ ಪದದ ಮೂಲವು ಲ್ಯಾಟಿನ್ ಆಗಿರುವುದರಿಂದ ಅದರ ಬಹುವಚನವೂ ಲ್ಯಾಟಿನ್ ನಿಯಮದಂತೆಯೇ ಆಗತಕ್ಕದ್ದೆಂದು ನಿವೇದಿಸಿಕೊಂಡೆ.

"ಲ್ಯಾಟಿನ್ನು ಅಂದ್ರೆ ಯಾರು?"

"ಅದೊಂದು ಭಾಷೆ ಮಾವ."

"ಯಾವೂರಲ್ಲಿ ಆಡ್ತಾರೆ?"

"ಈಗ ಯಾರೂ ಆಡೋದಿಲ್ಲ. ಅದು ಸತ್ತ ಭಾಷೆ."

ಮಾವ ಎಲೆ ಜಗಿಯುವುದನ್ನು ನಿಲ್ಲಿಸಿದರು. "ಸತ್ತು ಎಷ್ಟು ಕಾಲ ಆಯ್ತು?"

"ಸಾವಿರ ವರ್ಷದ ಮೇಲಾಯಿತು."

"ತಿಥಿನೂ ಮುಗ್ದು, ವಾರಸುದಾರ್ರೂ ಸತ್ತು, ಆಸ್ತಿ ಇಂಗ್ಲಿಷ್ನೋರ ಕೈಗೆ ಬಂದೈತೆ ಅನ್ನಿ. ಸಾವಿರ ವರ್ಷದಿಂದ ಅನುಭವದಾಗೆ ಇರೋನು ಅವ್ನು. ಅವ್ನು ಎಂಗೆ ಉಳ್ತಾನೋ ಅಂಗೆ. ಸತ್ತೋನು ಬಂದು ನೇಗಿಲು ಇಂಗೆ ಇಡ್ಕೋ ಅಂತಾನಾ?"

ನಾಗರಾಜ ತೊಡೆ ತಟ್ಟಿಕೊಂಡ. ಅದೇ ತೊಡೆ! ನನಗೆ ರೇಗಿತು. ಮೂಲ ದಾಖಲೆ ನೋಡದೆ ಕೊಟ್ಟ ತೀರ್ಪು ತೀರ್ಪೇ ಅಲ್ಲವೆಂದು ಮೇಲ್ಮನವಿ ಹಾಕಿದೆ. ದಾಖಲೆ ತರಲು ಅಪ್ಪಣೆಯಾಯಿತು. ಮಾರನೇ ದಿನ ಶಾಲೆಯಲ್ಲಿದ್ದ ದೊಡ್ಡ ಡಿಕ್ಷನರಿಯನ್ನು ಹೊತ್ತು ತಂದು ಸಭೆಯ ಮುಂದೆ ಬಿಚ್ಚಿದೆ. ಅದು 'ಬಾಸ್ಕೆಟ್' ಎಂಬ ಪದದಿಂದ ಶುರುವಾಗುತ್ತಿತ್ತು. ನಮ್ಮ ಶಾಲೆಯ ಇಲಿಗಳು ಓದನ್ನು ಮೊದಲಿನಿಂದ ಕ್ರಮವಾಗಿ ಆರಂಭಿಸಿದ್ದವು.

ಮಾವ ಇಲಿ ಕಡಿದ ಅಂಚನ್ನು ಸವರಿ ನೋಡಿ ತೀರ್ಮಾನ ಕೊಟ್ಟರು. "ಸಾಕ್ಷಿ ಸತ್ತೋಗೈತೆ. ದಾಖಲೆ ಇಲಿ ತಿಂದೈತೆ. ಇನ್ನು ಉಳ್ದಿರೋದು ಆಣೆ. ಭಾನುವಾರ ಎಂಗೂ ಕಬ್ಬಾಳಿಗೆ ಓಯ್ತೀವಿ. ತಾಯಿ ಮುಂದೆ ಇಬ್ರೂ ಕರ್ಪೂರ ಮುಟ್ಟಿ ಆಣೆ ಇಡಿ. ಸುಳ್ಳು ಏಳ್ದೋನ್ನ ಅವ್ಳೇ ನೋಡ್ಕತಾಳೆ."

"ಆಣೆ ಆಗೋಗಂಟ ನಾನು ತೊಡೆ ಕೊಡಾಕಿಲ್ಲ" ಎಂದ ನಾಗರಾಜ.

ಭಾನುವಾರ ಬೆಳಿಗ್ಗೆ ಮಾವನ ಮನೆಯವರ ಟೆಂಪೋ ಚನ್ನಪಟ್ಟಣಕ್ಕೆ ಬಂದು ನಮ್ಮನ್ನು ಹತ್ತಿಸಿಕೊಂಡಿತು. ಸಾತನೂರಿನ ತನಕ ನಾನು ಧೈರ್ಯವಾಗಿಯೇ ಇದ್ದೆ. ಅಲ್ಲಿಂದ ಮುಂದೆ ಕಬ್ಬಾಳುದುರ್ಗ ಕಣ್ಣಿಗೆ ಬೀಳುತ್ತಿದ್ದಂತೆ ಅತ್ತೆ ಕಥೆ ತೆಗೆದರು. ಹಿಂದೆ ಯಾವನೋ ಒಬ್ಬ ಪಕ್ಕದ ಮನೆ ಹಸುವನ್ನು ತನ್ನದೆಂದು ಈ ತಾಯಿಯ ಮುಂದೆ ಸುಳ್ಳು ಆಣೆ ಇಟ್ಟನಂತೆ. ಊರು ಸೇರುವುದರೊಳಗೆ ಅವನ ಬಾಯಿ ಕಿವಿಯ ಹತ್ತಿರಕ್ಕೆ ಸೊಟ್ಟಗಾಗಿತ್ತಂತೆ!

ನಾನು ಮೆಲ್ಲಗೆ ನನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡೆ. ಇಂಗ್ಲಿಷ್ ಮೇಷ್ಟ್ರಿಗೆ ಬಾಯೇ ಬಂಡವಾಳ. ನನ್ನ ಲ್ಯಾಟಿನ್ನಿನ ಒಟ್ಟು ಆಸ್ತಿ ಒಂದು ಮಧ್ಯಾಹ್ನದ ಪಾಠ. ಆ ಮೇಷ್ಟ್ರಿಗೂ ಅಂದು ಊಟವಾಗಿತ್ತಲ್ಲವೇ? ಅವರೂ ತೂಕಡಿಸುತ್ತಲೇ ಹೇಳಿದ್ದರೆ? ಅಂದು ಮೊದಲ ಬಾರಿಗೆ ನನಗೆ ನಿಜವಾಗಿ ಭಯವಾಯಿತು.

ಗುಡಿಯಲ್ಲಿ ಪೂಜಾರಪ್ಪ ತಟ್ಟೆಯಲ್ಲಿ ಕರ್ಪೂರ ಹಚ್ಚಿ, "ಏನಂತ ಆಣೆ?" ಎಂದರು.

ನಾನು ವಿಷಯ ಹೇಳಿದೆ. ಅವರು ಇನ್ನೊಮ್ಮೆ ಹೇಳಿಸಿದರು.

"ಬದುಗೆ ಆಣೆ ಇಡ್ಸಿವ್ನಿ, ಹಸುಗೆ ಇಡ್ಸಿವ್ನಿ. ಇದು ತಾಯ್ಗೂ ಒಸದು. ಇರ್ಲಿ, ಇಡಿ."

ನಾನು ಕರ್ಪೂರದ ಮೇಲೆ ಕೈ ಚಾಚಿದೆ. "ತಾಯಿ, ಆಡಿಟೋರಿಯಂ ಎರಡಾದರೆ ಆಡಿಟೋರಿಯಾ... ಸಾಮಾನ್ಯವಾಗಿ. ಬರವಣಿಗೆಯಲ್ಲಿ. ಅಂದರೆ ಗಂಭೀರ ಬರವಣಿಗೆಯಲ್ಲಿ. ಬಹುಮಟ್ಟಿಗೆ. ಬಲ್ಲವರು ಹೇಳಿದ ಪ್ರಕಾರ. ಅವರು ಎಚ್ಚರವಿದ್ದ ಪಕ್ಷದಲ್ಲಿ..."

ಕರ್ಪೂರ ಆರಿಹೋಯಿತು.

ಈಗ ನಾಗರಾಜನ ಸರದಿ. ಅವನೂ ಅದೇ ಟೆಂಪೋದಲ್ಲಿ ಅದೇ ಕಥೆ ಕೇಳಿದ್ದ. "ಅವ್ವಾ, ಆಡಿಟೋರಿಯಂಸ್ ಅಂತ ನಮ್ ಮ್ಯಾನೇಜರ್ರು ಅಂತಾರೆ. ಅವ್ರು ಅಂತಾರೆ ಅನ್ನೋದ್ಕೆ ಮಾತ್ರ ನನ್ ಆಣೆ. ಅವ್ರು ಅಂದಿದ್ದು ತಪ್ಪಾಗಿದ್ರೆ ಅವ್ರನ್ನ ಕೇಳು. ಫಸ್ಟ್ ಶಿಫ್ಟಲ್ಲಿ ಸಿಗ್ತಾರೆ!"

ಎರಡನೇ ಕರ್ಪೂರವೂ ಆರಿತು. ಪೂಜಾರಪ್ಪ ಡಬ್ಬಿಯ ಮುಚ್ಚಳ ಹಾಕಿಬಿಟ್ಟರು.

"ಗಳಿಗೆ ಮೀರ್ತಾ ಐತೆ. ನಂಗೆ ಇನ್ನೊಂದು ಕಡೆ ಕಿವಿ ಐತೆ" ಎಂದು ಆಚಾರ್ರು ಗೊಣಗಿದರು. ಸಾವಿತ್ರಿ ಇನ್ನು ತಡೆಯಲಿಲ್ಲ. ತಮ್ಮನ ಭುಜ ಹಿಡಿದು ಅದುಮಿ ಕೂರಿಸಿ, ಮಗುವನ್ನು ಅವನ ತೊಡೆಯ ಮೇಲೆ ಹಾಕಿದಳು. "ಕೂತ್ಕಳೋ ಸುಮ್ಕೆ!" ಆಚಾರ್ರು ಬಲಗಿವಿ ಚುಚ್ಚಿದರು. ಗೌರಿ ಕಿರುಚಿದ್ದಕ್ಕೆ ಗುಡಿಯ ಮುಂದಿನ ಹಣ್ಣುಕಾಯಿ ಅಂಗಡಿಯವರೆಲ್ಲ ತಿರುಗಿ ನೋಡಿದರು.

ಆಚಾರ್ರು ಎಡಗಿವಿಗೆ ಬಂದಾಗ ನಾಗರಾಜ ಅದನ್ನು ತನ್ನ ಅಂಗೈಯಿಂದ ಮುಚ್ಚಿಬಿಟ್ಟ!

"ಭಾವ, ಈ ಕಿವಿ ನನ್ ತೊಡೆ ಮ್ಯಾಲೈತೆ. ಆಡಿಟೋರಿಯಂಸ್ ಅಂತ ಒಂದ್ಸಲ ಅಂದ್ಬುಡಿ, ಕೈ ತೆಗೀತೀನಿ."

ಎಲ್ಲರೂ ನನ್ನನ್ನೇ ನೋಡಿದರು. ತೀರ್ಪು ಕೊಟ್ಟ ಮಾವ, ಕಥೆ ಹೇಳಿದ ಅತ್ತೆ, ಚಿನ್ನದ ತಂತಿ ಹಿಡಿದು ನಿಂತ ಆಚಾರ್ರು, ಗರ್ಭಗುಡಿಯಿಂದ ಕಣ್ಣು ಬಿಟ್ಟುಕೊಂಡು ಸಾಕ್ಷಾತ್ ತಾಯಿ. ನಾನು ಗೌರಿಯ ಮುಖ ನೋಡಿದೆ. ಮೂಗು, ಬಾಯಿ, ಕಣ್ಣು ಎಲ್ಲ ಒಂದೇ ನೀರಾಗಿತ್ತು. ಅಪ್ಪನಾದವನು ಏನಾದರೂ ಮಾಡುತ್ತಾನೆಂದು ಎರಡೂ ಕೈ ನನ್ನ ಕಡೆಗೇ ಚಾಚಿದ್ದಳು. ಯಾವ ಸೀಮೆಯ ಲ್ಯಾಟಿನ್? ನನ್ನ ಅಜ್ಜ ಆಡಿದ್ದನೇ, ಮುತ್ತಜ್ಜ ಆಡಿದ್ದನೇ? ಕಣ್ಣು ಮುಚ್ಚಿ, ಉಸಿರೆಳೆದು, ಪ್ರೇಯರ್‌ನಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುವ ನನ್ನ ಪೂರ್ತಿ ಗಂಟಲಿನಲ್ಲಿ ಅರಚಿದೆ:

"ಆಡಿಟೋರಿಯಂಸ್!"

ಕಣ್ಣು ಬಿಟ್ಟೆ. ಆಚಾರ್ರು ಎಡಗಿವಿಯನ್ನೇ ನೋಡುತ್ತ ನಾಲಗೆ ಕಚ್ಚಿಕೊಂಡಿದ್ದರು. ನಾಗರಾಜನ ಕಣ್ಣಲ್ಲಿ ನೀರು.

ಆದದ್ದಿಷ್ಟು. ಗೌರಿ ಅಳುವುದನ್ನು ನೋಡಲಾರದೆ ನಾಗರಾಜ, ನಾನು ಕಣ್ಣು ಮುಚ್ಚಿದ ಕೂಡಲೇ ತಾನಾಗಿಯೇ ಕೈ ತೆಗೆದುಬಿಟ್ಟಿದ್ದ. ಆಚಾರ್ರು ಸರಿಯಾದ ಜಾಗ ನೋಡಿ ತಂತಿ ಇಟ್ಟಿದ್ದರು. ಅದೇ ಗಳಿಗೆಯಲ್ಲಿ ನಾನು ಸೋಲೊಪ್ಪಿಕೊಂಡು ಅರಚಿದೆ. ಅವರ ಕೈ ಹಾರಿತು. ತೂತು ಇರಬೇಕಾದ ಜಾಗಕ್ಕಿಂತ ಒಂದು ಜೋಳದಷ್ಟು ಮೇಲೆ ಬಿತ್ತು!

"ಅಂಗೇ ಬುಡಿ. ತಾಯಿ ಕೊಟ್ಟ ತೀರ್ಮಾನ" ಎಂದರು ಮಾವ. ಬಿಡದಿಗೆ ಹೋದವರೇ ಬೋರ್ಡನ್ನು ಪೂರ್ತಿ ಅಳಿಸಿ, ಕನ್ನಡದಲ್ಲಿ 'ಗೌಡ್ರ ಛತ್ರ' ಎಂದು ಬರೆಸಿದರು. ಹಾಗೆ ನೋಡಿದರೆ ಜನ ಮೊದಲಿನಿಂದಲೂ ಅದನ್ನು ಗೌಡ್ರ ಛತ್ರ ಎಂದೇ ಕರೆಯುತ್ತಿದ್ದರು. ಬೋರ್ಡನ್ನು ಓದುತ್ತಿದ್ದವರು ನಾನು ಮತ್ತು ನಾಗರಾಜ ಇಬ್ಬರೇ. ನಾಗರಾಜ ಅಂದು ಸಂಜೆಯೇ ನಮ್ಮ ಹೊಸ್ತಿಲು ತುಳಿದ. ಬಾಡೂಟವಿತ್ತು.

ಗೌರಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಯಾವ ಓಲೆ ಹಾಕಿದರೂ ಒಂದು ಮೇಲೆ, ಒಂದು ಕೆಳಗೆ. ಫೋಟೋ ತೆಗೆಯುವವರು, "ತಲೆ ಒಸಿ ನೆಟ್ಟಗಿಡಮ್ಮ" ಎನ್ನುತ್ತಾರೆ. ಅವಳು ನೆಟ್ಟಗೇ ಇಟ್ಟಿರುತ್ತಾಳೆ. ಯಾಕೆ ಹೀಗೆಂದು ಅವಳು ಕೇಳಿದಾಗಲೆಲ್ಲ ಸಾವಿತ್ರಿ, "ಕೆಳಗಿರೋದು ನಿಮ್ ಮಾವಂದು, ಮ್ಯಾಲಿರೋದು ನಿಮ್ಮಪ್ಪಂದು" ಎಂದು ಹೇಳಿ ಒಲೆಯ ಕಡೆ ತಿರುಗುತ್ತಾಳೆ.

ಮೊನ್ನೆ ಅವಳಿಗೊಂದು ಹೊಸ ಡಿಕ್ಷನರಿ ತಂದುಕೊಟ್ಟೆ. ಮೊದಲ ಪುಟದಿಂದ ಎಲ್ಲವೂ ಇತ್ತು. ಸ್ವಲ್ಪ ಹೊತ್ತು ತಿರುವಿ ಹಾಕಿದವಳು ಓಲೆ ಅಲ್ಲಾಡಿಸುತ್ತ ಕೂಗಿದಳು.

"ಅಪ್ಪಾ! ಆಡಿಟೋರಿಯಂಸ್, ಆಡಿಟೋರಿಯಾ, ಎರಡೂ ಸರಿ ಅಂತೆ!"

"ಏನವ್ವ ಅದು, ಎರಡೂ ಸರಿಯಾಗಿರೋದು?" ಅಡುಗೆಮನೆಯಿಂದ ಸಾವಿತ್ರಿ ಕೇಳಿದಳು. ಅವಳ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು.

ನಾನು ಮಗಳ ಕೈಯಿಂದ ಡಿಕ್ಷನರಿ ಕಿತ್ತುಕೊಂಡು, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕುಳಿತುಬಿಟ್ಟೆ.