ಉಕ್ಕಿನ ಭೀಮನ ಮಂಗಳ

ನನಗೆ ಜಪಾನಿ ಬರುವುದಿಲ್ಲ, ಅರಬ್ಬಿ ಬರುವುದಿಲ್ಲ. ನನ್ನ ಇಂಗ್ಲಿಷಿನ ಬಗ್ಗೆ ಮಗಳ ಅಭಿಪ್ರಾಯ ಇಲ್ಲಿ ಬೇಡ. ಆದರೂ ಜಪಾನಿನವರು ಮಾಡಿ, ಅರಬ್ಬರು ಮಾತು ಕೂರಿಸಿದ ದೊಡ್ಡದೊಂದು ಕಾರ್ಟೂನ್ ಸರಣಿಯನ್ನು ನಮ್ಮೂರು ಹತ್ತಿಮತ್ತೂರಿಗೆ ಕನ್ನಡದಲ್ಲಿ ಹೇಳಿದವನು ನಾನೇ. ಹೇಳಿಕೊಳ್ಳಲು ಸಂಕೋಚವೇನಿಲ್ಲ. ಅರ್ಥವಾದದ್ದನ್ನು ಯಾರು ಬೇಕಾದರೂ ಹೇಳುತ್ತಾರೆ. ಅರ್ಥವಾಗದ್ದನ್ನು ಹೇಳಲು ಎದೆ ಬೇಕು.

ಎಂಬತ್ತರ ದಶಕ. ನಾನು ಕಾಲೇಜು ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ ಕಾಲ. ಗೆಳೆಯ ರಜಾಕನ ಅಣ್ಣ ಸೌದಿಯಿಂದ ಟಿವಿ, ವಿಸಿಆರ್ ಮತ್ತು ಒಂದು ಚೀಲ ಕ್ಯಾಸೆಟ್ ತಂದ. ಎಲ್ಲದರಲ್ಲೂ ಒಂದೇ ಕಥೆ: ಗುಡ್ಡದಷ್ಟು ಎತ್ತರದ ಕಬ್ಬಿಣದ ಮನುಷ್ಯ, ಅವನ ತಲೆಯೊಳಗೆ ಕೂತು ನಡೆಸುವ ತರುಣ, ಆಕಾಶದಿಂದ ಇಳಿಯುವ ಕೊಂಬಿನ ವೈರಿ. ಮಾತೆಲ್ಲ ಅರಬ್ಬಿ. ರಜಾಕನನ್ನು ಕೇಳಿದರೆ, "ಓದಾಕ ಬರ್ತೈತಿ, ತಿಳಿಯಂಗಿಲ್ಲಲೇ. ನೀ ಹೆಂಗೂ ಖಾಲಿ ಅದಿ, ನೀನ ಹೇಳು" ಎಂದ.

ಭಾನುವಾರ ಮಧ್ಯಾಹ್ನ ಅವರ ಪಡಸಾಲೆಗೆ ಓಣಿಯೇ ಬಂದು ಕೂರುತ್ತಿತ್ತು. ನಾನು ಟಿವಿಯ ಪಕ್ಕ ನಿಂತು ಕಬ್ಬಿಣದ ಮನುಷ್ಯನಿಗೆ ಉಕ್ಕಿನ ಭೀಮ ಎಂದು ಹೆಸರಿಟ್ಟೆ. ಕೊಂಬಿನವನನ್ನು ಹೊಲದ ಬದು ಒತ್ತಿದ ದಾಯಾದಿ ಮಾಡಿದೆ. ಅಲ್ಲಿಂದ ಯಾರಿಗೂ ಯಾವ ಸಂಶಯವೂ ಬರಲಿಲ್ಲ. ಬದು ಒತ್ತಿದವನನ್ನು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ದೊಡ್ಡಾಟ ಕಲಿಸುವ ಈರಪ್ಪ ಕಾಕಾ ಕೂರುತ್ತಿದ್ದರು. ಅವರು ಯಾರನ್ನೂ ಹೊಗಳಿದವರಲ್ಲ. ಅವರ ಬಾಯಿಂದ "ಅಡ್ಡಿಯಿಲ್ಲ" ಎಂದು ಬಂದರೆ ಅದೇ ಬಂಗಾರದ ಪದಕ. ನನಗೆ ಅದು ಬೇಕಿತ್ತು.

ವಾರಕ್ಕೊಂದರಂತೆ ಕ್ಯಾಸೆಟ್ಟುಗಳು ಮುಗಿದು, ಉಳಿದದ್ದು ಸರಣಿಯನ್ನು ಮುಗಿಸುವ ಒಂದು ಸಿನಿಮಾ. ಮೊದಲೇ ನೋಡಿಟ್ಟುಕೊಂಡರೆ ಹೇಳುವ ಹುರುಪು ಹೋಗುತ್ತದೆ ಎಂದು ನೋಡಿರಲಿಲ್ಲ. ಆದರೆ, "ಭೀಮ ಗೆದ್ದ ಗೆಲ್ಲತಾನ, ಇದು ನನ್ನ ಮಾತು" ಎಂದು ವಾರವಿಡೀ ಊರಿಗೆ ಸಾರಿದ್ದೆ. ಭೀಮ ಗೆದ್ದ, ಸುಳ್ಳಲ್ಲ. ದಾಯಾದಿಯನ್ನು ಕೆಡವಿದ. ಆಮೇಲೆ ತಾನೂ ತೋಳು ಕಳಚಿಬಿದ್ದು, ಮಂಡಿ ಮಡಚಿ, ಬೋರಲು ಬಿದ್ದ. ಹಾಡು ಬಂತು, ಅಕ್ಷರಗಳು ಮೇಲೇರಿದವು, ಮುಗಿಯಿತು.

ಯಾರೂ ಏಳಲಿಲ್ಲ. ನಮ್ಮೂರ ದೊಡ್ಡಾಟದಲ್ಲಿ ಎಷ್ಟು ಜನ ಸತ್ತರೂ ಕೊನೆಗೆ ಎಲ್ಲರೂ ಎದ್ದು ಸಾಲಾಗಿ ನಿಂತ ಮೇಲೇ ಮಂಗಳ ಹಾಡುವುದು. ಮಂಗಳವಾಗದೆ ನೋಡಿದವರು ಮನೆಗೆ ಹೋಗುವಂತಿಲ್ಲ.

"ಏನಪಾ, ಹೆಣಾ ಬಿಟ್ಟ ಎದ್ದ ಹೋಗೂದೇನು?" ಎಂದರು ಈರಪ್ಪ ಕಾಕಾ.

"ಸಿನಿಮಾದಾಗ ಹಿಂಗ ಐತ್ರಿ ಕಾಕಾ."

"ಸಿನಿಮಾ ಅವರದು. ಕಥಿ ನಿಂದು. ಎಬ್ಬಸು."

ಹಿಂದಿನಿಂದ ಒಬ್ಬ ಅವ್ವ ಕೂಗಿದಳು: "ಲಗೂನ ಎಬ್ಬಸೋ ಯಪ್ಪಾ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ!"

ನಾನು ವಿಸಿಆರ್ ಮುಂದೆ ಕುಕ್ಕರಿಸಿದೆ. ಒಂದೇ ದಾರಿ ಹೊಳೆಯಿತು. ಚಿತ್ರ ಕಾಣುತ್ತಿರುವಂತೆಯೇ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸುವ ಗುಂಡಿ ಒತ್ತಿದೆ. ಅಕ್ಷರಗಳು ಇಳಿದವು. ಮಣ್ಣಲ್ಲಿ ಬಿದ್ದಿದ್ದ ತೋಳು ಹಾರಿ ಬಂದು ಹೆಗಲಿಗೆ ಕೂತಿತು. ಉಕ್ಕಿನ ಭೀಮ ಗಡಗಡ ಎದ್ದು ನಿಂತ! ಪಡಸಾಲೆಯ ಹಂಚು ಹಾರುವಂಥ ಸಿಳ್ಳೆ. ಅಷ್ಟರಲ್ಲಿ ದಾಯಾದಿಯೂ ಏಳತೊಡಗಿದ. ನಾನು ಗಾಬರಿಯಿಂದ ಗುಂಡಿಗೆ ಕೈ ಹಾಕಿದೆ.

"ತಡೀ! ಅವನೂ ಏಳ್ಲಿ" ಎಂದರು ಕಾಕಾ. "ಮಂಗಳಕ್ಕ ವೈರಿನೂ ಬೇಕು."

ಇಬ್ಬರೂ ಎದುರುಬದುರು ನೆಟ್ಟಗೆ ನಿಂತಾಗ ಚಿತ್ರ ನಿಲ್ಲಿಸಿದೆ. ನಡುಗುವ ಗೆರೆಗಳ ನಡುವೆ ಅವರು ನಿಂತರು, ಕಾಕಾ ಎದ್ದು ಮಂಗಳ ಹಾಡಿದರು, ರಜಾಕನ ತಾಯಿ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಹೊಸ್ತಿಲು ದಾಟುವಾಗ ಕಾಕಾ ಹಿಂತಿರುಗಿ, "ಅಡ್ಡಿಯಿಲ್ಲ" ಎಂದರು. ಆಮೇಲೆ ನನಗೆ ನೌಕರಿ ಸಿಕ್ಕಿತು, ಬಡ್ತಿ ಸಿಕ್ಕಿತು. ಅವು ಯಾವುವೂ ಅಷ್ಟು ರುಚಿಸಲಿಲ್ಲ.

ಮೊನ್ನೆ ಮಗಳು ಅದೇ ಸಿನಿಮಾವನ್ನು ಫೋನಿನಲ್ಲಿ ಹುಡುಕಿ, ಕೆಳಗೆ ಬರುವ ಇಂಗ್ಲಿಷ್ ಸಾಲು ಓದುತ್ತಾ ನೋಡಿದಳು. "ಅಪ್ಪಾ, ನೀ ಹೇಳಿದ್ದು ಒಂದೂ ಇದರಾಗ ಇಲ್ಲ. ಬದುನೂ ಇಲ್ಲ, ದಾಯಾದಿನೂ ಇಲ್ಲ" ಎಂದಳು. ಬರೆದವರು ಮರೆತಿರಬೇಕು ಎಂದೆ. ಕೊನೆಗೆ ಭೀಮ ಬೋರಲು ಬಿದ್ದ. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಪರದೆಯ ಮೇಲೆ ಹೋಗಿ ಸಿನಿಮಾವನ್ನು ಹಿಂದಕ್ಕೆ ಎಳೆಯಿತು.

"ಅಪ್ಪಾ, ಮುಗಿಯಾಕರ ಬಿಡು!"

"ಕುಂದ್ರವಾ, ಇನ್ನೂ ಎಲ್ಲಾರೂ ಎದ್ದಿಲ್ಲ" ಎಂದು ಕೊಂಬಿನವನನ್ನು ಹುಡುಕತೊಡಗಿದೆ. ನನ್ನ ಅವಸರಕ್ಕೆ ಸಿನಿಮಾ ಮೊದಲಿಗೇ ಹೋಗಿ ನಿಂತಿತ್ತು. ಮಗಳು ಹಣೆ ಬಡಿದುಕೊಂಡಳು. ನಾನು ಮೊದಲಿನಿಂದ ಹೇಳಲು ಗಂಟಲು ಸರಿಮಾಡಿಕೊಂಡೆ.